ಬೂಡಾನ್ ಮೇಲಿನ ಪೊರೆ ತಿನ್ನಬೇಕಾ, ಬಿಡಬೇಕಾ? ರಾಬರ್ಟ್‌ಸನ್‌ಪೇಟೆಯ ಒಂದು ಮನೆ ಅಡುಗೆಯ ರಿವ್ಯೂ

ಬೂಡಾನ್ ಅಂದರೆ ಹಂದಿ ಕರುಳಿನ ಪೊರೆಯೊಳಗೆ ಅನ್ನ, ಮಾಂಸ ತುಂಬಿದ ಸಾಸೇಜ್. ಆ ಪೊರೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಬೆಯಲ್ಲಿ ಬಿಸಿ ಮಾಡಿ ಕೊಟ್ಟರೆ ಪೊರೆ ಬಿಟ್ಟುಬಿಡಿ, ಒಳಗಿರುವುದನ್ನು ಹಿಂಡಿಕೊಂಡು ತಿನ್ನಿ. ಕೆಂಡದ ಮೇಲೋ ಕಾವಲಿಯ ಮೇಲೋ ಗರಿಗರಿ ಆಗುವವರೆಗೆ ಸುಟ್ಟು ಕೊಟ್ಟರೆ ಪೊರೆ ಸಮೇತ ತಿನ್ನಿ. ಎರಡೂ ಸರಿಯಾದ ಕ್ರಮವೇ. ಆದರೆ ಯಾವುದಕ್ಕೆ ಯಾವುದು ಅಂತ ಗೊತ್ತಿಲ್ಲದೆ ತಿಂದವರು "ಇದೇನು ರಬ್ಬರ್ ಥರ ಇದೆ" ಅಂತ ಒಂದೇ ತುತ್ತಿಗೆ ಪಕ್ಕಕ್ಕಿಡುತ್ತಾರೆ. ಅಷ್ಟು ಚೆನ್ನಾಗಿ ಮಾಡಿದ ಪದಾರ್ಥ ಹಾಗೆ ವೇಸ್ಟ್ ಆಗುವುದು ನೋಡಿದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬರು ಅಣ್ಣ ಮನೆಯಲ್ಲೇ ಬೂಡಾನ್ ಮಾಡಿ ಮಾರುತ್ತಾರೆ. ಬೋರ್ಡ್ ಇಲ್ಲ, ಕೂತು ತಿನ್ನಲು ಹೊರಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್, ಅಷ್ಟೇ. ಭಾನುವಾರ ಮಾತ್ರ, ಅದೂ ಮೊದಲೇ ಹೇಳಿದವರಿಗೆ. ಅವರು ಬಹಳ ವರ್ಷ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ಜೊತೆಯಲ್ಲಿದ್ದ ಅಡುಗೆಯವರೊಬ್ಬರು ಅಮೆರಿಕದ ಲೂಸಿಯಾನಾ ರಾಜ್ಯದ ಲಾಫಯೆಟ್ ಕಡೆಯವರಂತೆ, ಅವರಿಂದ ಕಲಿತದ್ದು. ರಾಬರ್ಟ್‌ಸನ್‌ಪೇಟೆ ಕೋಲಾರದಿಂದ ಸುಮಾರು 30 ಕಿಲೋಮೀಟರ್. ಬಂಗಾರಪೇಟೆ ಮೇಲೆ ಹೋಗುವುದರಿಂದ ವಾಪಸ್ ಬರುವಾಗ ಪಾನಿಪುರಿಗೂ ನಿಲ್ಲಿಸಬಹುದು, ಹೊಟ್ಟೆಯಲ್ಲಿ ಜಾಗ ಇದ್ದರೆ.

ಬೂಡಾನ್ ಒಳಗೆ ಏನೇನು ಇರುತ್ತದೆ ಅಂತ ಕೇಳುವವರಿಗೆ: ಹಂದಿ ಮಾಂಸ, ಹಂದಿ ಲಿವರ್, ಅನ್ನ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸೆಲರಿ, ಈರುಳ್ಳಿ ಸೊಪ್ಪು, ಪಾರ್ಸ್ಲಿ, ಮೆಣಸು, ಖಾರದ ಪುಡಿ. ಇವೆಲ್ಲ ಸೇರಿಸಿ ಹಂದಿಯ ಸಣ್ಣ ಕರುಳಿನಲ್ಲಿ ತುಂಬುತ್ತಾರೆ. ಇದು ಕೇಜನ್ ಜನರ ಅಡುಗೆ. ಕೆನಡಾದ ಅಕೇಡಿಯಾ ಅನ್ನುವ ಕಡೆ ನೆಲೆಸಿದ್ದ ಫ್ರೆಂಚ್ ಮೂಲದವರನ್ನು ಬ್ರಿಟಿಷರು 1755ರಿಂದ ಊರು ಬಿಡಿಸಿ ಓಡಿಸಿದರು. ಅವರಲ್ಲಿ ಸಾವಿರಾರು ಜನ ಕಾಲಕ್ರಮದಲ್ಲಿ ಲೂಸಿಯಾನಾಗೆ ಬಂದು ಸೇರಿದರು. ಚಳಿಗಾಲದಲ್ಲಿ ಊರಿನವರೆಲ್ಲ ಸೇರಿ ಹಂದಿ ಕಡಿದು, ಏನೂ ಬಿಸಾಡದೆ ಹಂಚಿಕೊಳ್ಳುವ ಪದ್ಧತಿ ಅವರಲ್ಲಿತ್ತು. ಲಿವರ್, ಚೂರುಪಾರು ಮಾಂಸ, ಕರುಳು ಎಲ್ಲಕ್ಕೂ ಒಂದು ದಾರಿ ಬೇಕಲ್ವಾ? ಆ ಕಡೆ ಭತ್ತವೂ ಚೆನ್ನಾಗಿ ಬೆಳೆಯುತ್ತದೆ. ಹಾಗಾಗಿ ಮಾಂಸದ ಜೊತೆ ಅನ್ನ ಸೇರಿತು. ಲಾಫಯೆಟ್ ಪಕ್ಕದ ಸ್ಕಾಟ್ ಅನ್ನುವ ಊರಿಗೆ 2012ರಲ್ಲಿ ಅಲ್ಲಿನ ಶಾಸನಸಭೆಯೇ ಬೂಡಾನ್ ರಾಜಧಾನಿ ಅಂತ ಬಿರುದು ಕೊಟ್ಟಿದೆ.

ಕೆಜಿಎಫ್‌ನಲ್ಲೇ ಇದು ನಡೆಯಲು ಕಾರಣವೂ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಕೈಗೆ ತೆಗೆದುಕೊಂಡ ಮೇಲೆ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ತಮಿಳರು, ತೆಲುಗರು ಎಲ್ಲರೂ ಬಂದು ಸೇರಿದ ಊರು ಇದು. 2001ರಲ್ಲಿ ಗಣಿ ಮುಚ್ಚಿತು. ಬಹಳ ಜನ ಈಗ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಆದರೆ ಬಾಯಿರುಚಿ ಎಲ್ಲಿಗೂ ಹೋಗಿಲ್ಲ. ಹಂದಿ ಮಾಂಸ, ಸಾಸೇಜ್ ಅಂದರೆ ಮೂಗು ಮುರಿಯದ ಜನ ಇಲ್ಲಿ ಜಾಸ್ತಿ. ಕೋಲಾರ ಪೇಟೆಯಲ್ಲಿ ಇದೇ ಅಡುಗೆ ಇಟ್ಟಿದ್ದರೆ ಇಷ್ಟು ದಿನ ನಡೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಈಗ ಪೊರೆಯ ವಿಷಯ.

ಹಬೆಯಲ್ಲಿ ಬಿಸಿ ಮಾಡಿದ ಬೂಡಾನ್ ತಟ್ಟೆಗೆ ಬಂದಾಗ ನೋಡಲು ಮಂಕಾಗಿರುತ್ತದೆ. ಬೂದು ಬಣ್ಣ, ಮೇಲೆಲ್ಲ ನೀರಿನ ಪಸೆ, ಪೊರೆಯ ಒಳಗಿನಿಂದ ಅನ್ನದ ಕಾಳು, ಈರುಳ್ಳಿ ಸೊಪ್ಪಿನ ಹಸಿರು ಚುಕ್ಕೆ ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಒಳಗೆ ಮೆತ್ತಗೆ, ಮೇಲೆ ಬಿಗಿ. ಅದನ್ನು ಹಾಗೇ ಕಚ್ಚಿದರೆ ಹಲ್ಲು ಪೊರೆಯನ್ನು ಕತ್ತರಿಸುವುದಕ್ಕೆ ಮೊದಲೇ ಒಳಗಿನ ಅನ್ನ ಎರಡೂ ಕಡೆಯಿಂದ ಹೊರಗೆ ಬಂದು ಅಂಗಿ ಮೇಲೆ ಬೀಳುತ್ತದೆ. ಅನ್ನ, ಮಾಂಸ ಎಲ್ಲ ನುಂಗಿದ ಮೇಲೂ ಪೊರೆ ಮಾತ್ರ ಬಾಯಲ್ಲಿ ಉಳಿದು ಅಗಿಯುತ್ತಲೇ ಇರಬೇಕು. ಕೊನೆಗೆ ಅದು ರುಚಿಯೂ ಇಲ್ಲದ, ಕರಗುವುದೂ ಇಲ್ಲದ ಒಂದು ಸಣ್ಣ ಉಂಡೆ ಆಗುತ್ತದೆ.

ಇದು ಮಾಡಿದವರ ತಪ್ಪಲ್ಲ, ಪದಾರ್ಥದ ಗುಣ. ಸಾಸೇಜ್ ತುಂಬಲು ಕೇಸಿಂಗ್ ಅಂತ ಬರುವ ಈ ಪೊರೆ ಪೂರ್ತಿ ಕರುಳಲ್ಲ. ಕರುಳಿಗೆ ಹಲವು ಪದರ ಇರುತ್ತವೆ. ಒಳಗಿನ ಲೋಳೆ ಪದರ, ಹೊರಗಿನ ಸ್ನಾಯು ಪದರ ಎಲ್ಲ ಕೆರೆದು ತೆಗೆದು ನಡುವಿನ ಒಂದು ತೆಳು ಪದರ ಮಾತ್ರ ಉಳಿಸಿಕೊಳ್ಳುತ್ತಾರೆ. ಅದು ಮುಖ್ಯವಾಗಿ ಕೊಲ್ಲಾಜನ್, ಅಂದರೆ ಚರ್ಮದಲ್ಲಿ, ಮೂಳೆಯಲ್ಲಿ, ಕಾಲು ಸೂಪಿನ ಅಂಟಿನಲ್ಲಿ ಇರುವ ಅದೇ ಪ್ರೋಟೀನ್. ಬಿಸಿ ತಾಗಿದರೆ ಮೊದಲು ಕುಗ್ಗಿ ಬಿಗಿಯಾಗುತ್ತದೆ. ನೀರಿನಲ್ಲಿ ಬಹಳ ಹೊತ್ತು ಬೆಂದರೆ ಮಾತ್ರ ಕರಗಿ ಮೃದುವಾಗುತ್ತದೆ. ಆದರೆ ಬೂಡಾನ್‌ಗೆ ಅಷ್ಟು ಹೊತ್ತು ಕೊಡಲು ಆಗುವುದಿಲ್ಲ. ಯಾಕೆಂದರೆ ಒಳಗೆ ತುಂಬುವ ಮಾಂಸ, ಅನ್ನ ಎರಡೂ ಮೊದಲೇ ಬೆಂದಿರುತ್ತವೆ. ತುಂಬಿದ ಮೇಲೆ ಕುದಿಯದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಾರೆ, ಅಷ್ಟೇ. ಪೊರೆ ಮೆತ್ತಗಾಗಲಿ ಅಂತ ಇನ್ನೂ ಕುದಿಸಿದರೆ ಅನ್ನ ಉಬ್ಬಿ ಪೊರೆ ಒಡೆಯುತ್ತದೆ, ಒಳಗಿನದು ಗಂಜಿ ಆಗುತ್ತದೆ.

ಹಾಗಾಗಿ ಲೂಸಿಯಾನಾದಲ್ಲಿ ಹಬೆಯ ಬೂಡಾನ್ ತಿನ್ನುವ ರೀತಿಯೇ ಬೇರೆ. ಅಲ್ಲಿ ಇದು ದೊಡ್ಡ ಹೋಟೆಲ್ ತಿಂಡಿ ಅಲ್ಲ. ಪೆಟ್ರೋಲ್ ಬಂಕ್, ಕಿರಾಣಿ ಅಂಗಡಿ, ಮಾಂಸದಂಗಡಿ ಕೌಂಟರ್‌ನಲ್ಲಿ ಬಿಸಿಬಿಸಿ ಇಟ್ಟಿರುತ್ತಾರೆ. ಪೇಪರ್‌ನಲ್ಲಿ ಸುತ್ತಿಸಿಕೊಂಡು ಕಾರಿನಲ್ಲೇ ತಿನ್ನುವವರು ಬಹಳ, ಬೆಳಗಿನ ತಿಂಡಿಗೂ ಅದೇ. ಒಂದು ತುದಿ ಕಚ್ಚಿ ತೆಗೆದು, ಆ ತುದಿ ಬಾಯಿಗಿಟ್ಟುಕೊಂಡು, ಇನ್ನೊಂದು ತುದಿಯಿಂದ ಬೆರಳಲ್ಲಿ ಒತ್ತುತ್ತಾ ಬರುತ್ತಾರೆ. ಟೂತ್‌ಪೇಸ್ಟ್ ಟ್ಯೂಬ್ ಒತ್ತಿದ ಹಾಗೆ ಒಳಗಿನದು ಬಾಯಿಗೆ ಬರುತ್ತದೆ, ಪೊರೆ ಹಲ್ಲಿನ ನಡುವೆ ಜಾರಿ ಹೊರಗೆ ಉಳಿಯುತ್ತದೆ. ಕೈಯಲ್ಲಿ ಹಿಂಡುವುದು ಬೇಡ ಅನ್ನುವವರು ಚಾಕುವಿನಿಂದ ಉದ್ದಕ್ಕೆ ಸೀಳಿ ಚಮಚದಲ್ಲಿ ಬಳಿದುಕೊಳ್ಳಬಹುದು. ಉಪ್ಪು ಬಿಸ್ಕತ್ತಿನ ಮೇಲೆ ಹಚ್ಚಿ ಸ್ವಲ್ಪ ಸಾಸಿವೆ ಸಾಸ್ ಹಾಕಿ ತಿನ್ನುವುದೂ ಉಂಟು.

ಪೊರೆ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ ಅಂತ ನಮ್ಮವರಿಗೆ ಒಂದು ಸಂಕೋಚ. ತಟ್ಟೆಯಲ್ಲಿ ಬಿಡಬಾರದು ಅಂತ ಬೆಳೆದವರು ನಾವು. ಆದರೆ ಗೋವಾದ ಚೊರಿಸ್ ನೋಡಿ, ಅದೂ ಹಂದಿ ಮಾಂಸದ ಸಾಸೇಜೇ. ಬಹಳ ಮನೆಗಳಲ್ಲಿ ಅದರ ಪೊರೆ ಬಿಡಿಸಿ, ಒಳಗಿನ ಮಾಂಸ ಮಾತ್ರ ಬಾಣಲೆಗೆ ಹಾಕುತ್ತಾರೆ. ಅದನ್ನು ಯಾರೂ ದಂಡ ಅನ್ನುವುದಿಲ್ಲ. ಬೂಡಾನ್ ಪೊರೆಯೂ ಹಬೆಯಲ್ಲಿ ಬಂದಾಗ ಹಾಗೇ, ಒಳಗಿನದನ್ನು ಹಿಡಿದಿಡುವ ಚೀಲ. ರಾಬರ್ಟ್‌ಸನ್‌ಪೇಟೆಯ ಅಣ್ಣನೂ ಅದನ್ನೇ ಹೇಳಿದರು: "ಸಾರ್, ಅದು ಚೀಲ ಸಾರ್, ಚೀಲ ಬಿಟ್ಟು ಸಾಮಾನು ತಗೊಳ್ಳಿ."

ಇನ್ನೊಂದು ಅನುಮಾನ, ಕರುಳು ಗಲೀಜಲ್ವಾ ಅಂತ. ಬೋಟಿ ಗೊಜ್ಜಿಗೆ ಮುದ್ದೆ ಮುರಿಯುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಬಾರದು, ಆದರೂ ಬರುತ್ತದೆ. ಮನೆಯಲ್ಲಿ ಬೋಟಿ ತಂದರೆ ಕರುಳನ್ನು ಕಡ್ಡಿಯಿಂದ ಒಳಮಗ್ಗುಲು ತಿರುಗಿಸಿ, ಬಿಸಿನೀರು, ಅರಿಶಿನ, ಉಪ್ಪು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತೇವೆ. ಕೇಸಿಂಗ್ ಅದಕ್ಕಿಂತ ಜಾಸ್ತಿ ಶುಚಿ ಮಾಡಿದ್ದು, ಹೇಳಿದೆನಲ್ಲ, ಒಳಪದರವನ್ನೇ ತೆಗೆದಿರುತ್ತಾರೆ. ಉಪ್ಪಿನಲ್ಲಿ ಹಾಕಿಟ್ಟು ಮಾರುತ್ತಾರೆ. ಈ ಅಣ್ಣ ಬೆಂಗಳೂರಿನಿಂದ ತರಿಸಿ, ರಾತ್ರಿ ನೆನೆಸಿ, ಬೆಳಗ್ಗೆ ನಲ್ಲಿಗೆ ಒಂದು ತುದಿ ಸಿಕ್ಕಿಸಿ ಒಳಗೆಲ್ಲ ನೀರು ಹರಿಸಿ ತೊಳೆಯುತ್ತಾರೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ನೀರು ತುಂಬಿಕೊಂಡ ಪೊರೆ ಗಾಜಿನಷ್ಟು ತಿಳಿ ಕಾಣುತ್ತದೆ, ವಾಸನೆ ಇರುವುದಿಲ್ಲ. ತೂತು ಇದ್ದರೆ ಆಗಲೇ ನೀರು ಚಿಮ್ಮಿ ಗೊತ್ತಾಗುತ್ತದೆ, ಆ ಭಾಗ ಕತ್ತರಿಸಿ ಬಿಸಾಡುತ್ತಾರೆ. ಆರೋಗ್ಯದ ಲೆಕ್ಕದಲ್ಲಿ ಪೊರೆ ತಿಂದರೆ ದೊಡ್ಡವರಿಗೆ ಏನೂ ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ ಮಾತ್ರ ಹಬೆಯ ಪೊರೆ ಕೊಡಬೇಡಿ, ಉದ್ದಕ್ಕೆ ಎಳೆ ಬಂದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಳಗಿನದು ಕೊಡಿ, ಖಾರ ತಡೆಯುವುದಾದರೆ.

ಈಗ ಸುಟ್ಟ ಬೂಡಾನ್. ನನ್ನ ಮೆಚ್ಚಿನದು ಇದೇ.

ಅಣ್ಣ ಮೊದಲು ಹಬೆಯಲ್ಲಿ ಬಿಸಿ ಮಾಡುತ್ತಾರೆ, ಆಮೇಲೆ ಒಣ ಬಟ್ಟೆಯಲ್ಲಿ ಪೊರೆ ಮೇಲಿನ ನೀರೆಲ್ಲ ಒರೆಸುತ್ತಾರೆ, ಆಮೇಲೆ ಸಣ್ಣ ಕೆಂಡದ ಮೇಲೆ ಇಟ್ಟು ತಿರುಗಿಸುತ್ತಾ ಇರುತ್ತಾರೆ. ಆ ಒರೆಸುವ ಕೆಲಸ ಸಣ್ಣದು ಅನಿಸುತ್ತದೆ, ಆದರೆ ಎಲ್ಲ ಇರುವುದು ಅಲ್ಲೇ. ಒದ್ದೆ ಇದ್ದಷ್ಟು ಹೊತ್ತು ಪೊರೆ ಗರಿಯಾಗುವುದಿಲ್ಲ. ನೀರು ಆರಿದ ಮೇಲೆ ಅದರ ಬಣ್ಣ ಬದಲಾಗಲು ಶುರು. ಬೂದು ಹೋಗಿ ಹೊಂಬಣ್ಣ, ಅಲ್ಲಲ್ಲಿ ಕಂದು ಗುಳ್ಳೆ, ಕೊಬ್ಬು ಜಿನುಗಿ ಚುರ್ ಅನ್ನುತ್ತದೆ. ಕಚ್ಚಿದರೆ ಪಟ್ ಅಂತ ಒಡೆಯುತ್ತದೆ. ಎಳೆಯುವುದು, ಅಗಿಯುವುದು ಏನೂ ಇಲ್ಲ. ಅದರ ಹಿಂದೆಯೇ ಮೆತ್ತನೆ ಅನ್ನ, ಬಾಯಲ್ಲಿ ಬಿಡಿಬಿಡಿಯಾಗುವ ಮಾಂಸ, ಲಿವರ್‌ನ ಒಂದು ಗಾಢ ರುಚಿ, ಕೊನೆಗೆ ಮೆಣಸಿನ ಘಾಟು. ಈ ಮೆತ್ತಗಿನದಕ್ಕೆ ಆ ಗರಿ ಬೇಕೇ ಬೇಕು. ಇಲ್ಲಿ ಪೊರೆ ಸುಲಿದು ತಿನ್ನುವವರನ್ನು ನೋಡಿದರೆ ನನಗೆ ಕೈ ಹಿಡಿದು ತಡೆಯಬೇಕು ಅನಿಸುತ್ತದೆ.

ಒಳಗಿನ ಮಿಶ್ರಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕೊಬ್ಬು ಇರುವ ಭುಜದ ಮಾಂಸ ತೆಗೆದುಕೊಳ್ಳುತ್ತಾರೆ, ಅದು ಬಿಡಿಬಿಡಿ ಆಗುವವರೆಗೆ ಬೇಯಿಸಿ, ಬೆಂದ ನೀರನ್ನು ಚೆಲ್ಲದೆ ಅನ್ನಕ್ಕೆ ಸೇರಿಸುತ್ತಾರೆ. ಅದಕ್ಕೇ ಅನ್ನದ ಪ್ರತಿ ಕಾಳಿಗೂ ಮಾಂಸದ ರುಚಿ ಹತ್ತಿರುತ್ತದೆ. ಸೋನಾ ಮಸೂರಿ ಬಳಸುತ್ತಾರೆ. ಬಾಸುಮತಿ ಆಗಿದ್ದರೆ ಉದುರು ಉದುರಾಗಿ ಕೂಡಿಕೊಳ್ಳುತ್ತಿರಲಿಲ್ಲ, ದಪ್ಪ ಅಕ್ಕಿ ಆಗಿದ್ದರೆ ಮುದ್ದೆ ಆಗುತ್ತಿತ್ತು. ಸೋನಾ ಮಸೂರಿ ಸರಿಯಾಗಿ ನಡುವೆ ನಿಂತಿದೆ. ಲೂಸಿಯಾನಾದವರು ಹಾಕುವ ಕೆಯೆನ್ ಮೆಣಸಿನ ಪುಡಿ ಬದಲು ಗುಂಟೂರು ಮೆಣಸಿನ ಪುಡಿ. ಖಾರ ಅಲ್ಲಿನದಕ್ಕಿಂತ ಜಾಸ್ತಿಯೇ ಇರಬೇಕು, ನಮಗೆ ಹಿತವಾಗಿದೆ. ಗರಂ ಮಸಾಲೆ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿ ನಮ್ಮ ಖೀಮಾ ಥರ ಮಾಡಿಬಿಟ್ಟಿಲ್ಲ, ಅದು ನನಗೆ ಬಹಳ ಹಿಡಿಸಿತು. ಈರುಳ್ಳಿ ಸೊಪ್ಪಿನ ವಾಸನೆ, ಮೆಣಸಿನ ವಾಸನೆ ಎರಡೂ ಬೇರೆ ಬೇರೆಯಾಗಿ ಗೊತ್ತಾಗುತ್ತವೆ.

ಲಿವರ್ ವಿಷಯದಲ್ಲಿ ಜನ ಎರಡು ಕಡೆ. ಲೂಸಿಯಾನಾದಲ್ಲೂ ಅಂಗಡಿಯಿಂದ ಅಂಗಡಿಗೆ ಲಿವರ್ ಪ್ರಮಾಣ ಬೇರೆ. ನನ್ನ ಪ್ರಕಾರ ಲಿವರ್ ಇಲ್ಲದಿದ್ದರೆ ಇದು ಸುಮ್ನೆ ಮಾಂಸದ ಅನ್ನ. ಇಲ್ಲಿ ಹಾಕಿರುವುದು ಸರಿಯಾದ ಅಳತೆ, ಕಹಿ ಬರುವಷ್ಟಿಲ್ಲ.

ಬೇಜಾರಾದ ಸಂಗತಿಗಳೂ ಇವೆ. ಪಾರ್ಸೆಲ್ ತೆಗೆದುಕೊಂಡಾಗ ಹಬೆಯ ಬೂಡಾನ್ ಅನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಡಬ್ಬಿಗೆ ಹಾಕಿ ಕೊಟ್ಟರು. ಹಂಚಿಕೊಳ್ಳಲು ಸುಲಭ ಆಗಲಿ ಅಂತ ಅಣ್ಣನ ಮನೆಯ ಅಕ್ಕ ಪ್ರೀತಿಯಿಂದ ಮಾಡಿದ್ದು, ಆದರೆ ಅದಕ್ಕಿಂತ ಕೆಟ್ಟ ದಾರಿ ಇಲ್ಲ. ಪ್ರತಿ ಬಿಲ್ಲೆಗೂ ಸುತ್ತ ಒಂದು ಪೊರೆಯ ಉಂಗುರ. ಹಿಂಡಲೂ ಆಗುವುದಿಲ್ಲ, ಸುಲಿಯಲು ಹೋದರೆ ಅನ್ನ ಪುಡಿಯಾಗುತ್ತದೆ. ಮನೆಯಲ್ಲಿ ನಮ್ಮ ಅತ್ತೆ ಎರಡು ಬಿಲ್ಲೆ ಬಾಯಿಗೆ ಹಾಕಿಕೊಂಡು, "ಬೋಟಿ ಇನ್ನೂ ನಾಲ್ಕು ವಿಷಲ್ ಕೂಗಬೇಕಿತ್ತು ಕಣಪ್ಪ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕತ್ತರಿಸಿ ಕೊಡುವುದಾದರೆ ಸುಟ್ಟದ್ದನ್ನು ಮಾತ್ರ ಕತ್ತರಿಸಬೇಕು. ಇದನ್ನು ಅವರಿಗೆ ಹೇಳಿದ್ದೇನೆ, ಈಗ ಇಡಿಯಾಗಿಯೇ ಕೊಡುತ್ತಿದ್ದಾರೆ. ಆದರೆ ಹೇಗೆ ತಿನ್ನಬೇಕು ಅಂತ ಒಂದು ಚೀಟಿ ಇನ್ನೂ ಹಾಕುತ್ತಿಲ್ಲ. ಹೊಸಬರಿಗೆ ಆ ನಾಲ್ಕು ಸಾಲು ಬೇಕೇ ಬೇಕು. ಎಲ್ಲರೂ ಅವರ ಮುಂದೆ ಕುರ್ಚಿ ಹಾಕಿಕೊಂಡು ತಿನ್ನುವುದಿಲ್ಲವಲ್ಲ.

ಜೊತೆಗೆ ಬೇಕರಿಯ ಖಾರ ಬಿಸ್ಕತ್ತು ಕೊಡುತ್ತಾರೆ. ಅದು ನನಗೆ ಹೊಂದಲಿಲ್ಲ. ಅದರಲ್ಲೇ ಹಸಿಮೆಣಸಿನಕಾಯಿ, ಕರಿಬೇವು ಎಲ್ಲ ಇರುವಾಗ ಬೂಡಾನ್ ರುಚಿ ಹಿಂದೆ ಸರಿಯುತ್ತದೆ. ಸಾದಾ ಉಪ್ಪು ಬಿಸ್ಕತ್ತು ಇಟ್ಟರೆ ಸಾಕು. ಮುದ್ದೆಗೂ ಇದು ಆಗುವುದಿಲ್ಲ, ನೆಂಚಿಕೊಳ್ಳಲು ಗೊಜ್ಜು ಇಲ್ಲವಲ್ಲ. ಹಸಿ ಈರುಳ್ಳಿ, ನಿಂಬೆಹಣ್ಣು, ಸ್ವಲ್ಪ ಸಾಸಿವೆ ಸಾಸ್, ಇಷ್ಟಿದ್ದರೆ ಊಟ ಆಯಿತು.

ಮನೆಗೆ ತಂದು ಬಿಸಿ ಮಾಡುವವರಿಗೆ ಒಂದಷ್ಟು ಮಾತು. ಫ್ರಿಜ್ಜಿನಿಂದ ತೆಗೆದು ನೇರ ದೊಡ್ಡ ಉರಿಗೆ ಇಡಬೇಡಿ. ಮೇಲೆ ಕರಕಲಾಗಿ ಒಳಗೆ ತಣ್ಣಗೆ ಉಳಿಯುತ್ತದೆ, ಇಲ್ಲವೇ ಒಳಗಿನ ನೀರು ಆವಿಯಾಗಿ ಪೊರೆ ಒಡೆದು ಅನ್ನ ಚೆಲ್ಲುತ್ತದೆ. ಇಡ್ಲಿ ಪಾತ್ರೆಯಲ್ಲಿ ಒಳಗೆಲ್ಲ ಬಿಸಿಯಾಗುವವರೆಗೆ ಹಬೆ ಕೊಡಿ, ಒರೆಸಿ, ದೋಸೆ ಕಾವಲಿಗೆ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರಿ. ಮುಚ್ಚಳ ಮುಚ್ಚಬೇಡಿ, ಮುಚ್ಚಿದರೆ ಮತ್ತೆ ಹಬೆ ಕೂತು ಪೊರೆ ಮೆತ್ತಗಾಗುತ್ತದೆ. ಫೋರ್ಕ್‌ನಿಂದ ಚುಚ್ಚಬೇಡಿ, ರಸ ಹೋಗುತ್ತದೆ. ಏರ್ ಫ್ರೈಯರ್ ಇರುವವರು 180 ಡಿಗ್ರಿಯಲ್ಲಿ ಇಟ್ಟು ನಡುವೆ ಒಮ್ಮೆ ತಿರುಗಿಸಿ, ಕೆಲಸ ಇನ್ನೂ ಸುಲಭ. ಮೈಕ್ರೋವೇವ್‌ನಲ್ಲಿ ಮಾತ್ರ ಪೊರೆ ಚರ್ಮದ ಹಾಗೆ ಗಟ್ಟಿಯಾಗುತ್ತದೆ, ಅದರಲ್ಲಿ ಬಿಸಿ ಮಾಡಿದರೆ ಹಿಂಡಿಯೇ ತಿನ್ನಿ. ಪೊರೆಯ ತಂಟೆಯೇ ಬೇಡ ಅನ್ನುವವರು ಒಳಗಿನದನ್ನೆಲ್ಲ ತೆಗೆದು ಉಂಡೆ ಕಟ್ಟಿ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯಬಹುದು. ಲೂಸಿಯಾನಾದಲ್ಲಿ ಅದೂ ಬಹಳ ಚಾಲ್ತಿಯಲ್ಲಿದೆ.

ಇಡುವುದರಲ್ಲಿ ಉದಾಸೀನ ಮಾಡಲೇಬೇಡಿ. ಬೆಂದ ಅನ್ನ, ಬೆಂದ ಮಾಂಸ ಎರಡೂ ಸೇರಿರುವ ಪದಾರ್ಥ ಇದು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ. ಅದರ ಬೀಜಾಣು ಅಡುಗೆಯ ಬಿಸಿಗೆ ಸಾಯುವುದಿಲ್ಲ, ಅನ್ನ ಹೊರಗೆ ಬೆಚ್ಚಗೆ ಉಳಿದರೆ ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುತ್ತದೆ ಅಂತ ನಂಬುವಂತಿಲ್ಲ. ಬೇಸಿಗೆಯಲ್ಲಿ ಕೋಲಾರಕ್ಕೆ ಒಯ್ಯುವವರು ಐಸ್ ಹಾಕಿದ ಡಬ್ಬಿ ತೆಗೆದುಕೊಂಡು ಹೋಗಿ, ದಾರಿಯಲ್ಲಿ ನೆಂಟರ ಮನೆಗೆಲ್ಲ ಹೋಗಬೇಡಿ. ಫ್ರಿಜ್ಜಿನಲ್ಲಿ ಮೂರು ದಿನದೊಳಗೆ ಮುಗಿಸಿ. ಜಾಸ್ತಿ ದಿನ ಬೇಕಾದರೆ ಫ್ರೀಜರ್.

ಪೊರೆಯ ಬಗ್ಗೆ ಹೇಳಿದ ಮಾತನ್ನು ಅಂಗಡಿಯಲ್ಲಿ ಸಿಗುವ ಬೇರೆ ಸಾಸೇಜ್‌ಗೆ ಅನ್ವಯಿಸಬೇಡಿ. ಕೋಲ್ಡ್ ಸ್ಟೋರೇಜ್ ಚಿಕನ್ ಸಾಸೇಜ್ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಪೊರೆ ಸುಲಿದು ಬರುತ್ತದೆ, ಸುಲಿಯಲು ಏನೂ ಇರುವುದಿಲ್ಲ. ದಪ್ಪ ಸಲಾಮಿಗೆ ಎಷ್ಟೋ ಸಲ ಪ್ಲಾಸ್ಟಿಕ್ ಸುತ್ತಿರುತ್ತಾರೆ, ಅದನ್ನು ತೆಗೆಯಲೇಬೇಕು, ಸುಟ್ಟರೂ ತಿನ್ನುವ ಹಾಗಿಲ್ಲ.

ಅರ್ಧ ಕೆಜಿಗೆ 400 ರೂಪಾಯಿ, ಮೂರು ಉದ್ದನೆಯವು ಬರುತ್ತವೆ. ಮಾಂಸದ ಬೆಲೆ, ಒಂದು ದಿನದ ಕೆಲಸ, ಬೆಂಗಳೂರಿನಿಂದ ಕೇಸಿಂಗ್ ತರಿಸುವ ಖರ್ಚು ನೋಡಿದರೆ ನ್ಯಾಯವಾದ ದರ. ಇಬ್ಬರಿಗೆ ಹೊಟ್ಟೆ ತುಂಬುತ್ತದೆ. ಶನಿವಾರ ಮಧ್ಯಾಹ್ನದೊಳಗೆ ಹೇಳಿದರೆ ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಸಿಗುತ್ತದೆ, ತಡವಾಗಿ ಹೋದರೆ ಕೆಂಡ ಆರಿರುತ್ತದೆ, ಆಗ ಹಬೆಯದೇ ಗತಿ. ಅಲ್ಲೇ ಕೂತು ತಿನ್ನುವವರು ಸುಟ್ಟದ್ದೇ ಬೇಕು ಅಂತ ಹೇಳಿ, ಪಾರ್ಸೆಲ್ ಅಂದರೆ ಕತ್ತರಿಸಬೇಡಿ ಅಂತ ಹೇಳಿ. ಲಿವರ್ ಬೇಡದವರು ಅದನ್ನೂ ಶನಿವಾರವೇ ಹೇಳಬೇಕು, ಕಲಸಿ ತುಂಬಿದ ಮೇಲೆ ತೆಗೆಯಲು ಆಗುವುದಿಲ್ಲ.